ಗಾಲಿಯ ಗಾಳಿ: ಪ್ರತ್ಯಕ್ಷವೋ, ಅನುಮಾನವೋ?

ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ. ಆದುದರಿಂದ ಅಲ್ಲಿ ಬೆಂಕಿಯಿರಬೇಕು. ಭಾರತೀಯ ತರ್ಕಶಾಸ್ತ್ರದ ಬಾಗಿಲಲ್ಲಿ ನಿಂತ ವಿದ್ಯಾರ್ಥಿಗೆ ಮೊದಲು ಹೇಳಿಕೊಡುವ ಉದಾಹರಣೆ ಇದು. ಬೆಂಕಿಯನ್ನು ಕಣ್ಣಾರೆ ಕಂಡರೆ ಅದು ಪ್ರತ್ಯಕ್ಷ. ಹೊಗೆಯಿಂದ ಬೆಂಕಿಯನ್ನು ತಿಳಿದರೆ ಅದು ಅನುಮಾನ. ಎರಡೂ ಜ್ಞಾನಕ್ಕೆ ದಾರಿಗಳೇ. ಆದರೆ ಅವುಗಳಿಗೆ ಒದಗುವ ದೋಷಗಳು ಬೇರೆ ಬೇರೆ. ಈ ಹಳೆಯ ವಿವೇಚನೆ ಇಂದು ಮೋಟಾರು ಕಾರಿನ ಗಾಲಿಯೊಳಕ್ಕೂ ಪ್ರವೇಶಿಸಿದೆಯೆಂದರೆ ಓದುಗರಿಗೆ ಆಶ್ಚರ್ಯವಾದೀತು. ಟೈರಿನೊಳಗಣ ಗಾಳಿಯ ಒತ್ತಡ ಕುಸಿದಾಗ ಚಾಲಕನಿಗೆ ಎಚ್ಚರಿಕೆ ಕೊಡುವ ಉಪಕರಣಗಳು ಎರಡು ಬಗೆ. ಒಂದು ಒತ್ತಡವನ್ನೇ ಅಳೆಯುತ್ತದೆ. ಇನ್ನೊಂದು ಗಾಲಿಯ ಓಟವನ್ನು ನೋಡಿ ಒತ್ತಡವನ್ನು ಊಹಿಸುತ್ತದೆ. ಇವುಗಳಲ್ಲಿ ಯಾವುದು ಮೇಲು, ನಮ್ಮ ರಸ್ತೆಗಳಿಗೆ ಯಾವುದು ತಕ್ಕುದು ಎಂಬುದನ್ನು ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ಮುಂದಿಡುತ್ತೇವೆ.

ಈ ಪ್ರಸ್ತಾಪಕ್ಕೆ ಕಾರಣವಾದ ಸಂಗತಿ ಚಿಕ್ಕದು. ಕಳೆದ ಚಳಿಗಾಲದಲ್ಲಿ ಒಂದು ಮದುವೆಯ ನಿಮಿತ್ತ ನಾವು ಹುಕ್ಕೇರಿಯಿಂದ ಗೋಕಾಕದ ಮಾರ್ಗವಾಗಿ ಮೂಡಲಗಿಗೆ ಹೊರಟಿದ್ದೆವು. ಸ್ನೇಹಿತರಿಬ್ಬರ ಎರಡು ಕಾರುಗಳು. ಬೆಳಗಿನ ಚಳಿಯಲ್ಲಿ ಊರ ಹೊರಗೆ ಬರುತ್ತಲೇ ಮೊದಲನೆಯ ಕಾರಿನ ಫಲಕದ ಮೇಲೆ ಹಳದಿಯ ದೀಪವೊಂದು ಬೆಳಗಿತು. ಲಾಳದಂತಹ ಆಕೃತಿಯೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಅದರ ಜೊತೆಯಲ್ಲಿ ನಾಲ್ಕು ಅಂಕಿಗಳು: 29, 28, 29, 23. ತಯಾರಕರು ಹೇಳಿದ್ದ ಒತ್ತಡ ಚದರ ಅಂಗುಲಕ್ಕೆ 33 ಪೌಂಡು. ಎರಡನೆಯ ಕಾರಿನಲ್ಲಿ ಯಾವ ದೀಪವೂ ಹೊತ್ತಲಿಲ್ಲ. ಅದರ ಒಡೆಯರು ನಗುತ್ತ, “ನೋಡ್ರೀ, ನಮ್ಮ ಗಾಡೀದು ತಕರಾರ ಇಲ್ಲ” ಎಂದರು.

ನಮ್ಮ ಚೀಲದಲ್ಲಿ ಕೈಯಲ್ಲಿ ಹಿಡಿಯುವ ಒಂದು ಒತ್ತಡಮಾಪಕವಿದ್ದಿತು. ಮೊದಲನೆಯ ಕಾರಿನ ನಾಲ್ಕನೆಯ ಗಾಲಿಯಲ್ಲಿ ಜಾಲಿಯ ಮುಳ್ಳೊಂದು ನೆಟ್ಟಿದ್ದುದು ಕಂಡಿತು. ಕುತೂಹಲಕ್ಕೆಂದು ಎರಡನೆಯ ಕಾರಿಗೂ ಮಾಪಕವನ್ನು ಹಚ್ಚಿ ನೋಡಿದೆವು. ನಾಲ್ಕೂ ಗಾಲಿಗಳಲ್ಲಿ 25 ಪೌಂಡು! ತಿಂಗಳುಗಟ್ಟಲೆ ಗಾಳಿ ತುಂಬಿಸದೆ ಇದ್ದುದರಿಂದ ನಾಲ್ಕೂ ಸರಿಸಮವಾಗಿ ಇಳಿದಿದ್ದುವು. ದೂರು ಹೇಳಿದ ಕಾರಿನಲ್ಲಿ ಒಂದೇ ಗಾಲಿ ರೋಗಿ. ಮೌನವಾಗಿದ್ದ ಕಾರಿನಲ್ಲಿ ನಾಲ್ಕೂ ರೋಗಿಗಳು. ಈ ಮೌನದ ಕಾರಣವನ್ನು ಅರಿತರೆ ಎರಡು ಬಗೆಯ ಉಪಕರಣಗಳ ವ್ಯತ್ಯಾಸವನ್ನು ಅರಿತಂತೆಯೇ.

ಒತ್ತಡದ ವಿಷಯದಲ್ಲಿ ಇಷ್ಟು ಚಿಂತೆ ಏಕೆಂದು ಕೆಲವರು ಕೇಳಬಹುದು. ಟೈರಿನ ಭಾರವನ್ನು ಬಹುಮಟ್ಟಿಗೆ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. 1,200 ಕಿಲೋಗ್ರಾಮ್ ತೂಕದ ಕಾರಿನ ಒಂದೊಂದು ಗಾಲಿಯ ಮೇಲೂ ಸುಮಾರು 300 ಕಿಲೋಗ್ರಾಮ್ ಭಾರ ಬೀಳುತ್ತದೆ. ಒತ್ತಡ 33 ಪೌಂಡು ಇದ್ದರೆ, ಎಂದರೆ ಚದರ ಸೆಂಟಿಮೀಟರಿಗೆ 2.3 ಕಿಲೋಗ್ರಾಮಿನಷ್ಟಿದ್ದರೆ, ಈ ಭಾರವನ್ನು ಹೊರಲು ಸ್ಥೂಲವಾಗಿ 130 ಚದರ ಸೆಂಟಿಮೀಟರ್ ನೆಲ ಬೇಕು, ಅಂಗೈಯಷ್ಟು ಜಾಗವೆನ್ನಿ. ಒತ್ತಡ 25ಕ್ಕೆ ಇಳಿದರೆ ಅದೇ ಭಾರಕ್ಕೆ 170 ಚದರ ಸೆಂಟಿಮೀಟರ್ ಬೇಕಾಗುತ್ತದೆ. ಅಷ್ಟು ಅಗಲವಾಗಿ ನೆಲವನ್ನು ಮುಟ್ಟಬೇಕಾದರೆ ಟೈರು ಚಪ್ಪಟೆಯಾಗಬೇಕು, ಅದರ ಪಕ್ಕದ ಗೋಡೆ ಹೆಚ್ಚು ಬಾಗಬೇಕು. 30 ಸೆಂಟಿಮೀಟರ್ ತ್ರಿಜ್ಯದ ಗಾಲಿಯು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಆದುದರಿಂದ ಗೋಡೆಯ ಪ್ರತಿಯೊಂದು ಭಾಗವೂ ಒಂದು ಗಂಟೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಬಾರಿ ಬಾಗಿ ನೆಟ್ಟಗಾಗುತ್ತದೆ. ಬಾಗುವಾಗ ಪಡೆದ ಶಕ್ತಿಯೆಲ್ಲವನ್ನೂ ರಬ್ಬರು ಹಿಂದಿರುಗಿಸುವುದಿಲ್ಲ. ಒಂದು ಪಾಲು ಶಾಖವಾಗಿ ಉಳಿಯುತ್ತದೆ. ಶಾಖ ಏರಿ ಏರಿ ಕೊನೆಗೆ ಟೈರಿನ ಪದರಗಳು ಒಂದರಿಂದೊಂದು ಬಿಡುವುವು. ಹೆದ್ದಾರಿಯಲ್ಲಿ ಟೈರು ಸಿಡಿಯಿತೆಂದು ನಾವು ಓದುವ ಸುದ್ದಿಗಳ ಹಿಂದೆ ಇಂತಹ ಕಾಣದ ಬೇನೆ ಎಷ್ಟೋ ವೇಳೆ ಇರುತ್ತದೆ.

ಇನ್ನು ಉಪಕರಣಗಳ ವಿಚಾರ. ಪ್ರತ್ಯಕ್ಷ ಬಗೆಯಲ್ಲಿ ಒಂದೊಂದು ಗಾಲಿಯೊಳಗೂ, ಸಾಮಾನ್ಯವಾಗಿ ಗಾಳಿಯ ಕವಾಟದ ಬುಡದಲ್ಲಿ, ಪುಟ್ಟ ಸಂವೇದಕವೊಂದನ್ನು ಕೂರಿಸಿರುತ್ತಾರೆ. ಅದರಲ್ಲಿ ಸಿಲಿಕಾನಿನ ಒಂದು ತೆಳುಪೊರೆ. ಒತ್ತಡಕ್ಕೆ ಪೊರೆ ಬಾಗಿದಂತೆ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು, ಗಾಳಿಯ ಉಷ್ಣತೆಯನ್ನೂ ಕೂಡಿಸಿ, ರೇಡಿಯೋ ಅಲೆಗಳ ಮೂಲಕ ಕಾರಿನ ಗಣಕಕ್ಕೆ ಕಳುಹಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ 315 ಮೆಗಾಹರ್ಟ್ಸ್, ಯೂರೋಪಿನಲ್ಲಿ 433.92 ಮೆಗಾಹರ್ಟ್ಸ್ ಆವರ್ತವನ್ನು ಬಳಸುವುದು ರೂಢಿ. ಪಕ್ಕದ ಕಾರಿನ ಸುದ್ದಿ ನಮ್ಮ ಕಾರಿಗೆ ಬೆರೆಯದಂತೆ ಒಂದೊಂದು ಸಂವೇದಕಕ್ಕೂ ಒಂದೊಂದು ಗುರುತಿನ ಸಂಖ್ಯೆಯಿದೆ. ಶಕ್ತಿಯನ್ನು ಕೊಡುವುದು ಗುಂಡಿಯಂತಹ ಒಂದು ಲಿಥಿಯಂ ಕೋಶ.

ಅನುಮಾನದ ಬಗೆಯಲ್ಲಿ ಗಾಲಿಯೊಳಗೆ ಏನೂ ಇಲ್ಲ. ತಡೆ ಹಾಕಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ಎ.ಬಿ.ಎಸ್. ವ್ಯವಸ್ಥೆಗಾಗಿ ಗಾಲಿಯ ವೇಗವನ್ನು ಅಳೆಯುವ ಸಂವೇದಕಗಳು ಕಾರಿನಲ್ಲಿ ಮೊದಲೇ ಇರುತ್ತವೆ. ಭಾರತದಲ್ಲಿ ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲಿನಿಂದ ಈ ವ್ಯವಸ್ಥೆ ಕಡ್ಡಾಯವಾಯಿತು. ಗಾಳಿ ಕಡಿಮೆಯಾದ ಗಾಲಿಯ ತ್ರಿಜ್ಯ ಕಿಂಚಿತ್ತು ಕುಗ್ಗುತ್ತದೆ; ಅಷ್ಟೇ ದಾರಿಯನ್ನು ಕ್ರಮಿಸಲು ಅದು ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಈ ಹೆಚ್ಚಳವೇ ಹೊಗೆ; ಒತ್ತಡದ ಕುಸಿತವೇ ಬೆಂಕಿ.

ಆದರೆ ಈ ಹೊಗೆ ಎಷ್ಟು ತೆಳುವಾದುದೆಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. ತ್ರಿಜ್ಯ 300 ಮಿಲಿಮೀಟರ್ ಇದ್ದಾಗ ಒಂದು ಕಿಲೋಮೀಟರಿಗೆ ಸುಮಾರು 530 ಸುತ್ತು. ಅದು 299ಕ್ಕೆ ಇಳಿದರೆ 532 ಸುತ್ತು. ಕಿಲೋಮೀಟರಿಗೆ ಎರಡು ಸುತ್ತು ಹೆಚ್ಚಾದುದನ್ನು ಗುರುತಿಸಿ, ಅದು ತಿರುವಿನಿಂದಲ್ಲ, ಭಾರದ ಏರುಪೇರಿನಿಂದಲ್ಲ, ಜಾರುನೆಲದಿಂದಲ್ಲ, ಗಾಳಿಯ ಕೊರತೆಯಿಂದಲೇ ಎಂದು ನಿರ್ಣಯಿಸಬೇಕು. ಇಷ್ಟನ್ನು ಸಾಧಿಸಿದ ಗಣಿತಕ್ಕೆ ನಾವು ತಲೆಬಾಗುತ್ತೇವೆ. ಆದರೂ ಈ ವಿಧಾನದ ಮೂಲದಲ್ಲಿರುವುದು ಹೋಲಿಕೆ. ಒಂದು ಗಾಲಿಯನ್ನು ಉಳಿದ ಮೂರರೊಡನೆ ಹೋಲಿಸಿ ನೋಡುವ ಉಪಕರಣಕ್ಕೆ, ನಾಲ್ಕೂ ಒಟ್ಟಿಗೆ ಕುಗ್ಗಿದರೆ, ವ್ಯತ್ಯಾಸವೇ ಕಾಣದು. ಎಲ್ಲರೂ ಕುಳ್ಳರಾದ ಸಾಲಿನಲ್ಲಿ ಕುಳ್ಳನನ್ನು ಹುಡುಕಿದಂತೆ. ನಮ್ಮ ಸ್ನೇಹಿತರ ಎರಡನೆಯ ಕಾರಿನ ಮೌನಕ್ಕೆ ಇದೇ ಕಾರಣ.

ಈ ಕೊರತೆಯನ್ನು ತಿದ್ದಲು ಹೊಸ ಉಪಾಯವೊಂದು ಬಂದಿದೆ. ಟೈರು ಉರುಳುವಾಗ ಅದು ಸಣ್ಣಗೆ ಕಂಪಿಸುತ್ತಲೂ ಇರುತ್ತದೆ. ಅದರ ತಿರುಚುವಿಕೆಯ ಸಹಜ ಕಂಪನ ಸೆಕೆಂಡಿಗೆ ಸುಮಾರು 40ರ ಆಸುಪಾಸಿನಲ್ಲಿದ್ದು, ಒತ್ತಡ ಇಳಿದಂತೆ ಅದೂ ಇಳಿಯುತ್ತದೆ. ಸಡಿಲಿಸಿದ ತಂತಿಯ ಶ್ರುತಿ ಇಳಿಯುವುದಿಲ್ಲವೆ? ಹಾಗೆ. ವೇಗ ಸಂವೇದಕದ ಸಂಕೇತದಿಂದಲೇ ಈ ಶ್ರುತಿಯನ್ನು ಹೆಕ್ಕಿ ತೆಗೆದರೆ ಒಂದೊಂದು ಗಾಲಿಯನ್ನೂ ಬೇರೆಯಾಗಿ ಪರೀಕ್ಷಿಸಬಹುದು. ಅನುಮಾನವು ಹೀಗೆ ಹರಿತವಾಗಿದೆ. ಆದರೆ ಅನುಮಾನವಾಗಿಯೇ ಉಳಿದಿದೆ.

ಹೊರದೇಶಗಳ ಅನುಭವವು ಇಲ್ಲಿ ಉಪಯುಕ್ತವಾದುದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಗಾಳಿಯ ಟೈರಿಗೆ ಹಕ್ಕುಪತ್ರ ಪಡೆದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ತನ್ನ ಮಗನ ಮೂರು ಗಾಲಿಯ ಬಂಡಿಗಾಗಿ ಅದನ್ನು ಹೊಸದಾಗಿ ಕಂಡುಹಿಡಿದನು. ಅನಂತರ ಸುಮಾರು ನೂರು ವರ್ಷ ಒತ್ತಡದ ಕಾವಲು ಚಾಲಕನ ಕಣ್ಣು ಕಾಲುಗಳಿಗೆ ಸೇರಿತ್ತು. ನೋಡಿದರೆ ಸರಿ, ಒದ್ದರೆ ಸರಿ! 1986ರ ಪೋರ್ಶೆ 959 ಕಾರಿನಲ್ಲಿ ಯಂತ್ರವೇ ಈ ಕಾವಲನ್ನು ವಹಿಸಿಕೊಂಡಿತು. 2000ದಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಪದರ ಕಳಚಿ, ಮುಖ್ಯವಾಗಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳು ಉರುಳಿ, ಇನ್ನೂರಕ್ಕೂ ಹೆಚ್ಚು ಜನ ಸತ್ತುದು ಬಯಲಾಯಿತು. ಆಗ ಅಲ್ಲಿಯ ಶಾಸನಸಭೆಯು, ಒತ್ತಡ ಕುಸಿದರೆ ಎಚ್ಚರಿಸುವ ಉಪಕರಣ ಪ್ರತಿಯೊಂದು ಹೊಸ ಕಾರಿನಲ್ಲಿಯೂ ಇರಬೇಕೆಂದು ವಿಧಿಸಿತು.

ಮುಂದಿನ ಕಥೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. 2002ರಲ್ಲಿ ಅಲ್ಲಿಯ ಅಧಿಕಾರಿಗಳು ರಚಿಸಿದ ನಿಯಮವು ತಯಾರಕರಿಗೆ ಎರಡು ದಾರಿ ಕೊಟ್ಟಿತು: ನಾಲ್ಕು ಗಾಲಿಗಳಲ್ಲಿ ಎಷ್ಟು ಕುಸಿದರೂ, 25 ಶೇಕಡಾ ಇಳಿಕೆಗೆ ಎಚ್ಚರಿಸುವುದು, ಇಲ್ಲವೆ ಒಂದೇ ಒಂದು ಗಾಲಿ 30 ಶೇಕಡಾ ಇಳಿದಾಗ ಎಚ್ಚರಿಸುವುದು. ಎರಡನೆಯ ದಾರಿ ಅಂದಿನ ಅನುಮಾನದ ಉಪಕರಣಗಳಿಗೆ ಅನುಕೂಲವಾಗಿದ್ದಿತು. ಗ್ರಾಹಕರ ಪರವಾದ ಸಂಸ್ಥೆ ಪಬ್ಲಿಕ್ ಸಿಟಿಜನ್ ನ್ಯಾಯಾಲಯಕ್ಕೆ ಹೋಯಿತು. 2003ರ ಆಗಸ್ಟಿನಲ್ಲಿ ನ್ಯಾಯಾಲಯವು ಈ ಎರಡನೆಯ ದಾರಿಯು ಶಾಸನಕ್ಕೆ ವಿರುದ್ಧವೆಂದು ಹೇಳಿ ನಿಯಮವನ್ನು ತಳ್ಳಿಹಾಕಿತು. 2005ರಲ್ಲಿ ಹೊಸ ನಿಯಮ ಬಂದಿತು. 2007ರ ಸೆಪ್ಟೆಂಬರಿನಿಂದ ಅದು ಲಘು ವಾಹನಗಳಿಗೆಲ್ಲ ಅನ್ವಯವಾಯಿತು. ಯೂರೋಪು 2012ರ ನವೆಂಬರಿನಿಂದ ಹೊಸ ಮಾದರಿಗಳಿಗೂ 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಇದನ್ನು ಕಡ್ಡಾಯ ಮಾಡಿತು. ಯಾವ ಬಗೆಯ ಉಪಕರಣವೆಂದು ಈ ನಿಯಮಗಳು ಕೇಳುವುದಿಲ್ಲ, ಕೆಲಸವಾಗಬೇಕೆಂದಷ್ಟೇ ಕೇಳುತ್ತವೆ. ಒಂದು ಗಾಲಿ ತೂತಾದರೆ 10 ನಿಮಿಷದೊಳಗೆ, ನಾಲ್ಕೂ ಮೆಲ್ಲಗೆ ಇಳಿದರೆ 60 ನಿಮಿಷದೊಳಗೆ ದೀಪ ಬೆಳಗಬೇಕೆಂಬುದು ಯೂರೋಪಿನ ಷರತ್ತು. ಆದರೆ 60 ನಿಮಿಷವೆಂದರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ, ಗೋಕಾಕವನ್ನು ಬಿಟ್ಟವರು ದೀಪ ಹೊತ್ತುವ ಮೊದಲೇ ಬೆಳಗಾವಿಯನ್ನು ಮುಟ್ಟಿಯಾರು!

ಈಗ ನಮ್ಮ ಸೀಮೆಗೆ ಬರೋಣ. ಹುಕ್ಕೇರಿ ತಾಲೂಕಿನ ಸಂಕೇಶ್ವರ, ಹತ್ತರಗಿಗಳನ್ನು ಹಾದು ಪುಣೆ-ಬೆಂಗಳೂರು ಹೆದ್ದಾರಿ ಹೋಗುತ್ತದೆ. ಅಲ್ಲಿ ಕಾರುಗಳು ಬಾಣದಂತೆ ಓಡುತ್ತವೆ. ಸಂಕೇಶ್ವರದಿಂದ ಹುಕ್ಕೇರಿ, ಘಟಪ್ರಭಾ, ಗೋಕಾಕಗಳ ಮೂಲಕ ಯರಗಟ್ಟಿಗೆ ಇನ್ನೊಂದು ರಸ್ತೆ. ಮೂಡಲಗಿಯ ಕಡೆಗೆ ಕಬ್ಬಿನ ಹೊಲಗಳ ನಡುವಣ ಹಾದಿಗಳು. ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರಾಕ್ಟರುಗಳೂ ಟೈರಿನ ಎತ್ತಿನ ಗಾಡಿಗಳೂ ಅದೇ ರಸ್ತೆಯಲ್ಲಿ ಸಾಗುತ್ತವೆ. ರಸ್ತೆಯ ಅಂಚಿನಲ್ಲಿ ಜಾಲಿಯ ಮುಳ್ಳು; ಚೈತ್ರ ವೈಶಾಖಗಳಲ್ಲಿ ಕಾದ ಡಾಂಬರು. ಹುಣ್ಣಿಮೆ ಬಂದರೆ ಇಡೀ ಕುಟುಂಬ, ಬುತ್ತಿಯ ಗಂಟು ಸಮೇತ, ಒಂದೇ ವಾಹನದಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುತ್ತದೆ. ವೇಗ, ಶಾಖ, ಮುಳ್ಳು, ಭಾರ ಇವು ನಾಲ್ಕೂ ಒಂದೆಡೆ ಕೂಡುವ ಇಂತಹ ನಾಡಿನಲ್ಲಿ ಎಚ್ಚರಿಕೆ ಬೇಗ ಬರಬೇಕು, ಗಾಲಿ ಯಾವುದೆಂದು ಹೇಳಬೇಕು, ನಾಲ್ಕೂ ಇಳಿದರೂ ಸುಮ್ಮನಿರಬಾರದು. ಆದುದರಿಂದ ಆಯ್ಕೆಯ ಅವಕಾಶವಿದ್ದವರು ಪ್ರತ್ಯಕ್ಷ ಬಗೆಯ ಉಪಕರಣವನ್ನೇ ಆರಿಸಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಪ್ರತಿಪಕ್ಷದವರ ಮಾತನ್ನೂ ಕೇಳುವುದು ನ್ಯಾಯ. ಪ್ರತ್ಯಕ್ಷ ಬಗೆಯ ಸಂವೇದಕದ ಕೋಶ ಐದರಿಂದ ಹತ್ತು ವರ್ಷಗಳಲ್ಲಿ ಮುಗಿಯುತ್ತದೆ; ಆಗ ಸಾಮಾನ್ಯವಾಗಿ ಇಡೀ ಸಂವೇದಕವನ್ನೇ ಬದಲಿಸಬೇಕು. ಟೈರನ್ನು ಕಳಚುವಾಗ ಸನಿಕೆಯಂತಹ ಕಬ್ಬಿಣ ತಗುಲಿದರೆ ಅದು ಮುರಿಯುತ್ತದೆ. ತೂತು ಮುಚ್ಚಲು ಹಾಕುವ ಅಂಟುದ್ರವ ಅದರ ರಂಧ್ರವನ್ನು ಕಟ್ಟಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮಧ್ಯಮ ವರ್ಗದವರಿಗೆ ಇದು ಹೊರೆಯೇ. ಅದರ ರೇಡಿಯೋ ಮಾತು ಗುಟ್ಟಾದುದೂ ಅಲ್ಲ: 2010ರಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳ ಸಂಶೋಧಕರು ಹೊರಗಿನಿಂದ ಹುಸಿ ಸಂಕೇತವನ್ನು ಕಳುಹಿಸಿ ಕಾರಿನಲ್ಲಿ ಸುಳ್ಳು ಎಚ್ಚರಿಕೆ ಹೊತ್ತಿಸಿ ತೋರಿಸಿದರು. ಅನುಮಾನದ ಬಗೆಯಲ್ಲಿ ಈ ಯಾವ ತೊಡಕೂ ಇಲ್ಲ. ಗಾಲಿಯಲ್ಲಿ ಮುರಿಯುವಂತಹುದಿಲ್ಲ, ಮುಗಿಯುವಂತಹುದಿಲ್ಲ, ಖರ್ಚು ಅತ್ಯಲ್ಪ. ಇವೆಲ್ಲ ನಿಜ. ಆದುದರಿಂದಲೇ ನಮ್ಮ ಎರಡನೆಯ ಮಾತು: ಪ್ರತ್ಯಕ್ಷ ಬಗೆ ದುಬಾರಿಯಾದ ಅಗ್ಗದ ಕಾರುಗಳಲ್ಲಿ, ಕಂಪನವನ್ನು ನೋಡಿ ನಾಲ್ಕು ಗಾಲಿಗಳನ್ನೂ ಕಾಯುವ ಹೊಸ ಅನುಮಾನದ ಬಗೆಯನ್ನಾದರೂ ಕೊಡಬೇಕು. ವೇಗ ಸಂವೇದಕಗಳು ಹೇಗೂ ಇರುವಾಗ ಇದನ್ನು ಬಿಡಲು ಬಲವಾದ ಕಾರಣ ನಮಗೆ ಕಾಣದು.

ಇನ್ನೊಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಟೈರಿನ ಒತ್ತಡವನ್ನು ಕಾಯುವ ಉಪಕರಣವೂ ತೂತು ಮುಚ್ಚುವ ಸಾಮಗ್ರಿಯೂ ಇದ್ದರೆ ಕಾರಿನಲ್ಲಿ ಬದಲಿ ಗಾಲಿ ಇಡಬೇಕಾಗಿಲ್ಲವೆಂದು ಭಾರತ ಸರ್ಕಾರವು 2020ರಲ್ಲಿ ನಿಯಮವನ್ನು ತಿದ್ದಿತು. ಬದಲಿ ಗಾಲಿಯು ಮೌನವಾದ ಭರವಸೆ. ಅದನ್ನು ತೆಗೆದು ಒಂದು ದೀಪವನ್ನು ಕೊಡುವುದಾದರೆ ಆ ದೀಪ ನಂಬಲರ್ಹವಾಗಿರಬೇಕು. ನಡುರಾತ್ರಿ ಮೂಡಲಗಿಯ ಹೊಲಗಳ ನಡುವೆ ಟೈರಿನ ಪಕ್ಕ ಸೀಳಿದರೆ ಯಾವ ಅಂಟೂ ಅದನ್ನು ಮುಚ್ಚದು. ಸೀಳುವ ಮೊದಲೇ ಎಚ್ಚರ ಬಂದಿರಬೇಕು. ಬದಲಿ ಗಾಲಿಯಿಲ್ಲದ ಕಾರುಗಳಿಗೆ ಪ್ರತ್ಯಕ್ಷ ಬಗೆಯೇ ಇರತಕ್ಕುದೆಂದು ನಾವು ವಾದಿಸುತ್ತೇವೆ.

ಆದರೆ ಪ್ರತ್ಯಕ್ಷವನ್ನೂ ಕುರುಡಾಗಿ ನಂಬಲಾಗದು. “ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಹೇಳಿರುವರು. ಬೆಳಿಗ್ಗೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 32 ಪೌಂಡು ತುಂಬಿದ ಟೈರು ಮಧ್ಯಾಹ್ನ ಓಡಿ ಓಡಿ 57 ಡಿಗ್ರಿಗೆ ಬಿಸಿಯಾಯಿತೆನ್ನಿ. ಮಾಪಕದ 32ಕ್ಕೆ ಹೊರಗಿನ ವಾಯುಮಂಡಲದ ಸುಮಾರು 14 ಪೌಂಡು ಸೇರಿಸಿದರೆ 46. ನಿರಪೇಕ್ಷ ಉಷ್ಣತೆ 300ರಿಂದ 330ಕ್ಕೆ, ಎಂದರೆ ಹತ್ತರಲ್ಲೊಂದು ಪಾಲು ಏರಿತು. ಒತ್ತಡವೂ ಅಷ್ಟೇ ಏರಿ 50.6 ಆಯಿತು, 14 ಕಳೆದರೆ ಮಾಪಕದಲ್ಲಿ 36.6. ಈ ಅಂಕಿಯನ್ನು ಕಂಡು ಗಾಬರಿಯಾಗಿ ಗಾಳಿಯನ್ನು ಬಿಟ್ಟವನು, ಮರುದಿನ ಬೆಳಿಗ್ಗೆ ಟೈರು 28ಕ್ಕೆ ಇಳಿದುದನ್ನು ಕಂಡು ಉಪಕರಣವನ್ನು ಬಯ್ಯುತ್ತಾನೆ. ತಪ್ಪು ಉಪಕರಣದ್ದಲ್ಲ, ಹತ್ತನೆಯ ತರಗತಿಯ ಪಾಠವನ್ನು ಮರೆತವನದು. ತಯಾರಕರು ಹೇಳುವ ಒತ್ತಡ ತಣ್ಣಗಿರುವ ಟೈರಿನದು.

ಅನುಮಾನದ ಬಗೆಯಲ್ಲಿ ಇನ್ನೂ ಒಂದು ಅಪಾಯವುಂಟು. ಗಾಳಿ ತುಂಬಿಸಿದ ಮೇಲೆ ಗುಂಡಿಯೊಂದನ್ನು ಒತ್ತಿ, ‘ಈಗ ಇರುವುದೇ ಸರಿಯಾದ ಒತ್ತಡ’ ಎಂದು ಅದಕ್ಕೆ ಹೇಳಿಕೊಡಬೇಕು. ನಾವು ಸುಳ್ಳು ಹೇಳಿಕೊಟ್ಟರೆ ಅದು ಸುಳ್ಳನ್ನೇ ನಿಷ್ಠೆಯಿಂದ ಕಾಯುತ್ತದೆ. ಆ ದಿನ ಮುಳ್ಳು ತೆಗೆಸಲು ನಿಂತ ಪಂಕ್ಚರ್ ಅಂಗಡಿಯ ಹುಡುಗ, “ಎಷ್ಟ್ ಹವಾ ಹಾಕ್ಲಿರೀ, ಸಾಹೇಬ್ರ?” ಎಂದು ಕೇಳಿದ. 33 ಎಂದೆವು. ಅವನ ಮಾಪಕ 33 ತೋರಿಸಿದಾಗ ನಮ್ಮದು 29 ತೋರಿಸಿತು. “ಇದು ಭಾಳ ದಿನದ್ದೈತ್ರೀ, ಆದ್ರೂ ನಡೀತೈತ್ರೀ” ಎಂದು ಅವನು ನಕ್ಕ. ಅವನನ್ನು ನಾವು ದೂಷಿಸುವುದಿಲ್ಲ. ಇವೆರಡರಲ್ಲಿ ಯಾವುದು ಸರಿಯೆಂದು ಪ್ರಮಾಣಿಸುವ ಸಾಧನ ಅವನ ಬಳಿಯೂ ಇರಲಿಲ್ಲ, ನಮ್ಮ ಬಳಿಯೂ ಇರಲಿಲ್ಲ. ಮೂರನೆಯ ಮಾಪಕವೊಂದು ಗೋಕಾಕದಲ್ಲಿ ದೊರೆತ ಮೇಲೆಯೇ ಸಂದೇಹ ತೀರಿತು. ತೂಕದ ಕಲ್ಲಿನ ವಿಷಯದಲ್ಲಿ ಎಷ್ಟು ಎಚ್ಚರವೋ ಗಾಳಿಯ ಮಾಪಕದ ವಿಷಯದಲ್ಲಿಯೂ ಅಷ್ಟು ಎಚ್ಚರ ಬೇಕು. ತೂಕ ತಪ್ಪಿದರೆ ಹಣ ಹೋಗುವುದು. ಇದು ತಪ್ಪಿದರೆ ಪ್ರಾಣ ಹೋದೀತು.

ವಿದ್ಯಾರ್ಥಿಗಳಿಗೆ ನಮ್ಮದೊಂದು ಸಲಹೆ. ಶಾಲೆಯ ವಿಜ್ಞಾನ ಸಂಘದವರು ಒಂದು ಒಳ್ಳೆಯ ಒತ್ತಡಮಾಪಕವನ್ನು ಕೊಂಡು, ಅಧ್ಯಾಪಕರ ವಾಹನಗಳಿಂದಲೇ ಆರಂಭಿಸಿ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಬರೆದ ಒತ್ತಡವನ್ನೂ ಟೈರಿನಲ್ಲಿರುವ ಒತ್ತಡವನ್ನೂ ಒಂದು ತಿಂಗಳ ಕಾಲ ಬರೆದಿಡಲಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅಳೆಯಲಿ. ತುಂಬ ಜನ ಕುಳಿತಾಗ ಎಷ್ಟು ಒತ್ತಡವಿರಬೇಕೆಂಬುದನ್ನೂ ಆ ಚೀಟಿಯಲ್ಲಿ ಓದಲಿ. ಪುಸ್ತಕದ ಅನಿಲ ನಿಯಮ ಆಗ ಕಣ್ಣಿಗೆ ಕಾಣುವುದು. ಒಂದೆರಡು ಮನೆಗಳ ಪ್ರಯಾಣವೂ ಸುರಕ್ಷಿತವಾಗುವುದು.

ಘಟಪ್ರಭೆಯ ಸೀಮೆ ಅಳತೆಗೆ ಹೊಸತಲ್ಲ. ಗೋಕಾಕದ ಜಲಪಾತದ ನೀರಿನ ಬಲವನ್ನು ಲೆಕ್ಕ ಹಾಕಿ 19ನೆಯ ಶತಮಾನದಲ್ಲಿಯೇ ಇಲ್ಲಿ ಗಿರಣಿಯನ್ನು ನಡೆಸಿದರು. ಇಂದಿಗೂ ಮಳೆಗಾಲ ಬಂದರೆ ಹಿಡಕಲ್ ಜಲಾಶಯದ ನೀರು 2175 ಅಡಿಗೆ ಎಷ್ಟು ಕಡಿಮೆಯಿದೆಯೆಂದು ರೈತರು ದಿನವೂ ವಿಚಾರಿಸುತ್ತಾರೆ. ಹೊಗೆಯನ್ನು ನೋಡಿ ತೃಪ್ತರಾಗುವುದಿಲ್ಲ, ಅಂಕಿಯನ್ನೇ ಕೇಳುತ್ತಾರೆ. ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಹೊರಡುವ ವಾಹನದ ನಾಲ್ಕು ಗಾಲಿಗಳ ವಿಷಯದಲ್ಲಿಯೂ ಅಂಕಿಯನ್ನು ಕೇಳುವ ಅಭ್ಯಾಸ ಬೆಳೆಯಲಿ. ದೀಪವು ನೆನಪು ಮಾಡಿಕೊಡಲಿ. ಅಳೆಯುವ ಹೊಣೆ ಮಾತ್ರ ನಮ್ಮದಾಗಿರಲಿ.